ಗ್ರೈಂಡ್ ಶೂ ಹಾಕಿಕೊಂಡು ಕಂಬಿಯ ಮೇಲೆ ಜಾರುವುದನ್ನು ಕಲಿಯಲು ಎಲ್ಲಿಂದ ಆರಂಭಿಸಬೇಕು?

ಹೊರದೇಶದಲ್ಲಿರುವ ಸಂಬಂಧಿಕರು ಕೊಟ್ಟ ಹಳೆಯ ಗ್ರೈಂಡ್ ಶೂ ನಿಮ್ಮ ಬಳಿ ಇದೆ, ಬೀದರಿನಲ್ಲಿ ಕಲಿಸುವವರು ಯಾರೂ ಇಲ್ಲ, ಮನೆಯ ಹತ್ತಿರದ ಮೆಟ್ಟಿಲುಗಳ ರೇಲಿಂಗಿನ ಮೇಲೆಯೇ ಮೊದಲ ಪ್ರಯತ್ನ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬೇಡಿ. ನಾನು ಕಲಬುರಗಿಯಲ್ಲಿ ಯಾರ ಮಾರ್ಗದರ್ಶನವೂ ಇಲ್ಲದೆ, ಬಿದ್ದು ಎದ್ದು ಕಲಿತವನು; ಇಳಿಜಾರಿನ ಕಂಬಿಯನ್ನು ಮುಟ್ಟುವ ಮೊದಲು ಸುಮಾರು ನಾಲ್ಕು ತಿಂಗಳು ಗೇಣೆತ್ತರದ ಸಮತಟ್ಟು ಪೈಪಿನ ಮೇಲೆಯೇ ಕಳೆದೆ, ಅದು ವ್ಯರ್ಥವಾಯಿತೆಂದು ಒಂದು ದಿನವೂ ಅನಿಸಿಲ್ಲ.

ಮೊದಲು ಶೂಗಳನ್ನು ಪರೀಕ್ಷಿಸಿ. ಅಂಗಾಲಿನ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತಗ್ಗು ಇರುವ ಈ ಬಗೆಯ ಶೂಗಳನ್ನು ಕ್ಯಾಲಿಫೋರ್ನಿಯಾದ ಕ್ರಿಸ್ ಮಾರಿಸ್ ಎಂಬುವರು ಸೋಪ್ ಎಂಬ ಹೆಸರಿನಲ್ಲಿ 1997ರಲ್ಲಿ ಮಾರುಕಟ್ಟೆಗೆ ತಂದರು. ಆದ್ದರಿಂದ ಹಳೆಯ ಜೋಡಿಯೆಂದರೆ ಇಪ್ಪತ್ತು ವರ್ಷಕ್ಕೂ ಹಿಂದಿನದಾಗಿರಬಹುದು. ಅಷ್ಟು ಕಾಲ ಪೆಟ್ಟಿಗೆಯಲ್ಲಿದ್ದ ಶೂ ನೋಡಲು ಹೊಸದಾಗಿದ್ದರೂ ಒಳಗಿನ ಫೋಮ್ ಪುಡಿಪುಡಿಯಾಗಿರುತ್ತದೆ, ಅಂಟು ಸತ್ತಿರುತ್ತದೆ. ಕೈಯಲ್ಲಿ ಹಿಡಿದು ಬಲವಾಗಿ ಬಗ್ಗಿಸಿ ನೋಡಿ. ಅಟ್ಟೆ ಬಿಟ್ಟುಕೊಂಡರೆ ಚಮ್ಮಾರರ ಬಳಿ ಅಂಟಿಸಿ ಹೊಲಿಸಬಹುದು, ಆದರೆ ಫೋಮ್ ಉದುರುತ್ತಿದ್ದರೆ ಆ ಜೋಡಿಯ ಆಸೆ ಬಿಡುವುದೇ ಲೇಸು.

ಎರಡನೆಯದು ಜಾರುವ ಜಾಗ. ನಿಮ್ಮ ಊರಿನ ಕೆಂಪು ಜಂಬಿಟ್ಟಿಗೆಯ ಕಟ್ಟೆಗಳು ತೂತುತೂತಾಗಿ ಒರಟಾಗಿರುವುದರಿಂದ ಪ್ಲಾಸ್ಟಿಕ್ ಅಲ್ಲಿ ಜಾರುವುದಿಲ್ಲ, ಗಕ್ಕನೆ ಕಚ್ಚಿಕೊಳ್ಳುತ್ತದೆ. ನಯಗೊಳಿಸಿದ ಶಹಾಬಾದ್ ಕಲ್ಲಿನ ಅಂಚು ಚೆನ್ನಾಗಿ ಜಾರುತ್ತದೆಯಾದರೂ ಬೇಗ ಚಕ್ಕೆ ಏಳುತ್ತದೆ, ಮನೆಯವರ ಬೈಗುಳವೂ ಬೀಳುತ್ತದೆ. ಕೋಟೆ, ಮಹಮೂದ್ ಗಾವಾನನ ಮದರಸಾದಂತಹ ಸಂರಕ್ಷಿತ ಸ್ಮಾರಕಗಳ ಕಡೆಗೆ ಈ ಶೂ ಹಾಕಿಕೊಂಡು ಹೋಗಲೇಬೇಡಿ. ನಾನು ಮಾಡಿದ್ದು ಇಷ್ಟು: ಶೂವನ್ನೇ ವೆಲ್ಡಿಂಗ್ ಅಂಗಡಿಗೆ ಒಯ್ದು, ಅದರ ತಗ್ಗಿನಲ್ಲಿ ಸರಿಯಾಗಿ ಕೂರುವ ದುಂಡು ಪೈಪನ್ನು ಆರಿಸಿ, ಎಂಟು ಅಡಿ ಉದ್ದಕ್ಕೆ ಕತ್ತರಿಸಿ, ನೆಲದಿಂದ ಆರು ಇಂಚು ಎತ್ತರ ಬರುವಂತೆ ಎರಡೂ ತುದಿಗೆ ಅಗಲವಾದ ಅಡ್ಡಪಟ್ಟಿಗಳನ್ನು ಬೆಸೆಸಿದೆ. ಕಾಲುಗಳನ್ನು ನೆಲದಲ್ಲಿ ಹೂಳಿಸಲು ಹೋಗಬೇಡಿ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ನಾನು ಮೊದಲು ಹೂಳಿಸಿದ್ದ ಪೈಪು ಒಂದೇ ವರ್ಷದಲ್ಲಿ ಓರೆಯಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜಾರುವಾಗ ಘರ್ಷಣೆ ಹಿಡಿದೆಳೆಯುವುದು ಪಾದಗಳನ್ನು ಮಾತ್ರ. ಮೈ ಓಡಿಬಂದ ವೇಗದಲ್ಲಿಯೇ ಮುಂದೆ ಸಾಗಲು ನೋಡುತ್ತದೆ. ಆದ್ದರಿಂದ ನೆಟ್ಟಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ, ಇದನ್ನು ಕೇಳಿ ತಿಳಿದು ಅತಿಯಾಗಿ ಹಿಂದಕ್ಕೆ ವಾಲಿದವರು ಪಾದ ಮುಂದೆ ಜಾರಿ ಕುಂಡಿಯ ಮೇಲೆ ಬೀಳುತ್ತಾರೆ. ಎರಡನೆಯ ಬೀಳುವಿಕೆಯೇ ಹೆಚ್ಚು ಕೆಟ್ಟದ್ದು. ಬಾಲಮೂಳೆಗೆ ಪೆಟ್ಟಾಗಿ ಮೂರು ವಾರ ನಾನು ದಿಂಬಿನ ಮೇಲೆ ಕುಳಿತು ಊಟ ಮಾಡಿದ್ದೇನೆ. ಸರಿಯಾದ ವಾಲುವಿಕೆ ಇವೆರಡರ ನಡುವೆ ಇದೆ, ಆದರೆ ಅದು ಒಂದೇ ಕಡೆ ನಿಲ್ಲುವುದಿಲ್ಲ: ಪೈಪು ಒಣಗಿದ್ದು ಒರಟಾಗಿದ್ದರೆ ತುಸು ಹೆಚ್ಚು, ಮೇಣ ಸವರಿ ನುಣುಪಾಗಿದ್ದರೆ ತೀರಾ ಕಡಿಮೆ ವಾಲಬೇಕು. ಅದಕ್ಕಾಗಿಯೇ ಹೊಸಬರು ಮೇಣದಬತ್ತಿಯನ್ನು ಒಮ್ಮೆಗೇ ಉದ್ದಕ್ಕೂ ಉಜ್ಜಬಾರದು. ಒಂದೆರಡು ಬಾರಿ ಸವರಿ, ಹತ್ತು ಸಲ ಜಾರಿ, ಆ ನುಣುಪು ಕಾಲಿಗೆ ರೂಢಿಯಾದ ಮೇಲೆ ಇನ್ನಷ್ಟು ಸವರಬೇಕು.

ಯಾವ ಕಾಲು ಮುಂದಿರಬೇಕೆಂದು ತಿಳಿಯಲು ಮನೆಯ ಫರಸಿಯ ಮೇಲೆ ಕಾಲುಚೀಲ ಹಾಕಿಕೊಂಡು ಓಡಿಬಂದು ಜಾರಿ ನೋಡಿ. ಯೋಚಿಸದೆ ಮುಂದೆ ಬಂದ ಕಾಲೇ ನಿಮ್ಮ ಮುಂಗಾಲು. ಆಮೇಲೆ ಪೈಪಿನ ಮೇಲೆ ಅಡ್ಡಲಾಗಿ, ಎರಡೂ ಪಾದಗಳ ತಗ್ಗು ಪೈಪನ್ನು ಹಿಡಿಯುವಂತೆ, ಭುಜದಷ್ಟು ಅಂತರದಲ್ಲಿ ಕಾಲಿಟ್ಟು, ಮಂಡಿ ಬಗ್ಗಿಸಿ, ಕದಲದೆ ನಿಲ್ಲಿ. ಅರ್ಧ ನಿಮಿಷ ನಿಲ್ಲಲಾಗದವರಿಗೆ ಜಾರಲಾಗುವುದಿಲ್ಲ. ನಂತರ ನಿಂತಲ್ಲಿಂದಲೇ ಎರಡೂ ಕಾಲಲ್ಲಿ ಪೈಪಿನ ಮೇಲೆ ಜಿಗಿದು ನಿಲ್ಲುವುದನ್ನು, ಕೆಳಗೆ ನೋಡದೆಯೇ ತಗ್ಗು ಸಿಗುವವರೆಗೆ, ಅಭ್ಯಾಸ ಮಾಡಿ. ಕೊನೆಗೆ ಓಟ: ಪೈಪಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮೂರ್ನಾಲ್ಕು ಹೆಜ್ಜೆ ಓಡಿ, ಜಿಗಿಯುತ್ತಲೇ ಸೊಂಟವನ್ನು ಅಡ್ಡಲಾಗಿ ತಿರುಗಿಸಿ, ಎರಡೂ ಪಾದಗಳನ್ನು ಒಟ್ಟಿಗೆ ಇಳಿಸಿ, ದೃಷ್ಟಿಯನ್ನು ಪೈಪಿನ ತುದಿಯಲ್ಲಿಡಿ. ಮೆಲ್ಲಗೆ ಬಂದರೆ ಸುರಕ್ಷಿತ ಎಂಬುದು ಇಲ್ಲಿ ನಿಜವಲ್ಲ, ಏಕೆಂದರೆ ವೇಗ ಸಾಲದಿದ್ದರೆ ಪಾದ ಏರಿದ ಕಡೆಯೇ ಅಂಟಿ ನಿಂತುಬಿಡುತ್ತದೆ.

ಹೆಲ್ಮೆಟ್ ಮತ್ತು ಮಣಿಕಟ್ಟಿನ ರಕ್ಷಾಪಟ್ಟಿ ಇಲ್ಲದೆ ಒಂದು ಸಲವೂ ಓಡಬೇಡಿ.

ನಮ್ಮ ಕಡೆಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ ಮಧ್ಯಾಹ್ನ ಪೈಪಿಗೆ ಕೈ ತಾಗಿದರೆ ಸುಡುತ್ತದೆ, ಸವರಿದ ಮೇಣವೂ ಕರಗಿ ಎಣ್ಣೆಯಂತಾಗುತ್ತದೆ. ಆದ್ದರಿಂದ ಬೆಳಗಿನ ಆರು ಗಂಟೆಯೇ ಒಳ್ಳೆಯ ಸಮಯ. ಮಳೆಗಾಲದಲ್ಲಿ ಎರೆಮಣ್ಣು ಶೂವಿನ ತಗ್ಗಿನಲ್ಲಿ ಮೆತ್ತಿಕೊಂಡು ಒಣಗಿದರೆ ಪಾದ ಪೈಪಿನ ಮೇಲೆ ಕೂರುವುದೇ ಇಲ್ಲ, ಹಾಗಾಗಿ ಒಂದು ಕಡ್ಡಿ, ಒಂದು ಬಟ್ಟೆ ಜೊತೆಗಿರಲಿ.

ರೇಲಿಂಗಿನ ವಿಷಯ: ಸಮತಟ್ಟು ಪೈಪಿನ ಮೇಲೆ ಹತ್ತರಲ್ಲಿ ಒಂಬತ್ತು ಸಲ ತುದಿ ಮುಟ್ಟಿ, ಎರಡೂ ಕಾಲ ಮೇಲೆ ಇಳಿಯಲು ಬಂದಾಗ, ಅದೇ ಪೈಪಿನ ಒಂದು ತುದಿಯ ಕೆಳಗೆ ಎರಡು ಇಟ್ಟಿಗೆ ಇಟ್ಟು ಅಲುಗಾಡದಂತೆ ಮಾಡಿ ಇಳಿಜಾರನ್ನು ಅಭ್ಯಾಸ ಮಾಡಿ, ಆಮೇಲೆ ಮೂರ್ನಾಲ್ಕು ಮೆಟ್ಟಿಲಿನ ಗಿಡ್ಡ ರೇಲಿಂಗನ್ನು, ಅದರ ಮಾಲೀಕರ ಒಪ್ಪಿಗೆ ಪಡೆದು, ಕೈಯಿಂದ ಅಲ್ಲಾಡಿಸಿ ಗಟ್ಟಿಯಿದೆಯೆಂದು ನೋಡಿಕೊಂಡು ಏರಿ.