ಎಂಬಿಬಿಎಸ್ ಮುಗಿಸಿದವರು ನೇರವಾಗಿ ಇಮ್ಯುನಾಲಜಿಯಲ್ಲಿ ಪಿಎಚ್‌ಡಿ ಮಾಡಬಹುದೇ? ಎಂಡಿ ಮಾಡುವುದೇ ಒಳ್ಳೆಯದೇ?

ನೀವು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೀರಿ. ಮೈಕ್ರೋಬಯಾಲಜಿ, ಅದರಲ್ಲೂ ದೇಹ ಸೋಂಕನ್ನು ಎದುರಿಸುವ ಬಗೆಯನ್ನು ಓದುವ ಇಮ್ಯುನಾಲಜಿ ಮನಸ್ಸಿಗೆ ಹಿಡಿಸಿದೆ. ಎಂಡಿ ಮಾಡಲೋ ಪಿಎಚ್‌ಡಿ ಮಾಡಲೋ, ಅಮೆರಿಕದ ಎಂಡಿ-ಪಿಎಚ್‌ಡಿ ನಮ್ಮಂಥವರಿಗೆ ಸಿಗುತ್ತದೋ ಎಂದು ಕೇಳಿದ್ದೀರಿ. ‘ಡಾಕ್ಟರ್ ಆದಮೇಲೆ ಮತ್ತೆ ಯಾಕೆ ಓದು’ ಎಂದು ಮನೆಯವರು ಹೇಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ನಾನೂ ಕರ್ನಾಟಕದ ಸರ್ಕಾರಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಓದಿ, ಎಂಡಿ ಮಾಡದೆ ನೇರವಾಗಿ ಇಮ್ಯುನಾಲಜಿ ಪಿಎಚ್‌ಡಿಗೆ ಸೇರಿದವಳು. ಹಾಗಾಗಿ ಕಂಡದ್ದನ್ನೇ ಬರೆಯುತ್ತೇನೆ.

ಎಂಡಿ ಇಲ್ಲದೆಯೂ ಸೇರಬಹುದು. ಬೆಂಗಳೂರಿನ ಐಐಎಸ್‌ಸಿ, ಅಲ್ಲೇ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್, ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿ, ಈ ಮೂರೂ ಕಡೆ ಜೀವವಿಜ್ಞಾನದ ಪಿಎಚ್‌ಡಿಗೆ ಎಂಬಿಬಿಎಸ್ ಪದವಿ ಸಾಕು. ಸಂಶೋಧನಾ ಫೆಲೋಶಿಪ್‌ಗಾಗಿ ನಡೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯನ್ನೂ ಎಂಬಿಬಿಎಸ್ ಆದವರು ಬರೆಯಬಹುದು. ಆದರೆ ಆ ಪ್ರಶ್ನೆಪತ್ರಿಕೆ ನಮ್ಮ ಕಾಲೇಜಿನ ಓದಿಗೆ ತಕ್ಕದ್ದಲ್ಲ. ಮೊದಲ ವರ್ಷದ ಬಯೋಕೆಮಿಸ್ಟ್ರಿ ಸ್ವಲ್ಪ ಕೈಹಿಡಿಯುತ್ತದೆ, ಅಷ್ಟೆ. ಮಾಲಿಕ್ಯುಲರ್ ಬಯಾಲಜಿ, ಜೆನೆಟಿಕ್ಸ್, ಸಂಖ್ಯಾಶಾಸ್ತ್ರ ಈ ಮೂರನ್ನು ಎಂಎಸ್ಸಿ ಹುಡುಗರು ಓದುವಂತೆ ಕೂತು ಓದಲೇಬೇಕು.

ಎಂಡಿ ಮೈಕ್ರೋಬಯಾಲಜಿ ಮೂರು ವರ್ಷದ್ದು. ಅದು ಮುಗಿದಾಗ ನೀವು ಆಸ್ಪತ್ರೆಯ ಲ್ಯಾಬಿಗೆ ಜವಾಬ್ದಾರರು. ಬ್ಲಡ್ ಕಲ್ಚರ್‌ನಲ್ಲಿ ಏನು ಬೆಳೆಯಿತು, ಯಾವ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ, ಐಸಿಯುನಲ್ಲಿ ಸೋಂಕು ಎಲ್ಲಿಂದ ಹರಡುತ್ತಿದೆ ಎಂದು ಹೇಳಬೇಕಾದವರು ನೀವೇ. ಇವತ್ತು ಕೊಟ್ಟ ರಿಪೋರ್ಟ್ ಮೇಲೆ ಇವತ್ತೇ ಚಿಕಿತ್ಸೆ ಬದಲಾಗುತ್ತದೆ. ಪಿಎಚ್‌ಡಿ ಎಂದರೆ ಒಂದೇ ಪ್ರಶ್ನೆಯ ಜೊತೆ ಐದಾರು ವರ್ಷ. ಇವೆರಡರಲ್ಲಿ ಒಂದು ಮೇಲು ಒಂದು ಕೀಳು ಎಂಬುದಿಲ್ಲ. ಆದರೆ ಎರಡೂ ಬೇರೆ ಬೇರೆ ಕೆಲಸ, ಮತ್ತು ಬೇರೆ ಬೇರೆ ಸ್ವಭಾವದವರಿಗೆ ಹೊಂದುವಂಥವು.

ನಮ್ಮದೇ ಮಂಗನ ಕಾಯಿಲೆಯನ್ನು ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು ಬಂದು ಹೊಸ ವೈರಸ್ ಒಂದನ್ನು ಪತ್ತೆ ಮಾಡಿ, ಅದನ್ನು ಹರಡುವುದು ಉಣುಗು ಎಂದು ತೋರಿಸಿದರು. ಈಗ ಜನವರಿಯಲ್ಲಿ ಸಾಗರದ ಕಡೆಯ ರೋಗಿಯೊಬ್ಬರು ಜ್ವರ ಎಂದು ಬಂದರೆ, ವಾರ್ಡಿನ ಡಾಕ್ಟರು ಪ್ಲೇಟ್‌ಲೆಟ್, ರಕ್ತಸ್ರಾವ, ಬಿಪಿ ನೋಡುತ್ತಾರೆ. ಮೈಕ್ರೋಬಯಾಲಜಿಸ್ಟ್ ಮೊದಲ ದಿನಗಳಾದರೆ ವೈರಸ್ಸನ್ನೇ ಹುಡುಕುವ ಪಿಸಿಆರ್, ತಡವಾಗಿದ್ದರೆ ದೇಹ ತಯಾರಿಸಿದ ಆ್ಯಂಟಿಬಾಡಿ ಹುಡುಕುವ ಐಜಿಎಂ ಎಲೈಸಾ ಮಾಡಿ ರೋಗ ಯಾವುದೆಂದು ಹೇಳುತ್ತಾರೆ. ಇಮ್ಯುನಾಲಜಿ ಮಾಡುವವರ ಪ್ರಶ್ನೆ ಬೇರೆ. ಈ ಕಾಯಿಲೆಗೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್‌ನ ಲಸಿಕೆಯನ್ನು ದಶಕಗಳ ಕಾಲ ಮಲೆನಾಡಿನ ಹಳ್ಳಿಗಳಲ್ಲಿ ಕೊಟ್ಟರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಆದರೂ ಲಸಿಕೆ ಹಾಕಿಸಿಕೊಂಡವರಿಗೇ ಕಾಯಿಲೆ ಬಂತು. ಕೊನೆಗೆ ಆ ಲಸಿಕೆಯನ್ನೇ ನಿಲ್ಲಿಸಿದರು. ಯಾಕೆ ಹೀಗಾಯಿತು? ಸತ್ತ ವೈರಸ್ ಜೀವಕೋಶದೊಳಗೆ ಬೆಳೆಯುವುದಿಲ್ಲ, ಆದ್ದರಿಂದ ಸೋಂಕಿತ ಕೋಶವನ್ನು ಕೊಲ್ಲುವ ಟಿ-ಸೆಲ್‌ಗಳು ಸರಿಯಾಗಿ ಎಚ್ಚರಗೊಳ್ಳುವುದಿಲ್ಲ ಎಂಬುದು ಒಂದು ಸಾಧ್ಯತೆ. ಆ್ಯಂಟಿಬಾಡಿ ಹುಟ್ಟಿದರೂ ಅದು ವೈರಸ್ಸನ್ನು ತಡೆಯುವ ಜಾತಿಯದೇ? ಎಷ್ಟು ತಿಂಗಳು ಉಳಿಯಿತು? ಆ್ಯಂಟಿಬಾಡಿ ತಯಾರಿಸುವುದನ್ನು ನೆನಪಿಡುವ ಬಿ-ಸೆಲ್‌ಗಳು ಉಳಿದವೇ? ಇಂಥ ಪ್ರಶ್ನೆಗಳನ್ನು ಓದುವಾಗ ರಾತ್ರಿ ನಿದ್ದೆ ಬಾರದಷ್ಟು ತಿಳಿಯಬೇಕೆನಿಸಿದರೆ ನಿಮ್ಮ ದಾರಿ ಪಿಎಚ್‌ಡಿ. ‘ಸರಿ, ಆದರೆ ಆ ರೋಗಿ ಬದುಕಿದರೇ?’ ಎಂಬುದೇ ಮೊದಲು ಮನಸ್ಸಿಗೆ ಬಂದರೆ ಎಂಡಿ ಮಾಡಿ. ಎಂಡಿ ಆದಮೇಲೂ ಪಿಎಚ್‌ಡಿ ಬಾಗಿಲು ಮುಚ್ಚಿರುವುದಿಲ್ಲ.

ಎರಡೂ ಒಬ್ಬರಲ್ಲೇ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಯಾವಾಗಲೂ ಹೇಳುವ ಹೆಸರು ಕಲ್ಕತ್ತೆಯ ಶಂಭುನಾಥ್ ಡೇ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾಕ್ಟರು. ಲಂಡನ್ನಿಗೆ ಹೋಗಿ ರಾಯ್ ಕ್ಯಾಮರಾನ್ ಅವರ ಬಳಿ ಪೆಥಾಲಜಿಯಲ್ಲಿ ಪಿಎಚ್‌ಡಿ ಮಾಡಿ 1949ರಲ್ಲಿ ಊರಿಗೆ ಮರಳಿದರು. ಕಾಲರಾ ರೋಗಿಯ ದೇಹದಿಂದ ಅಷ್ಟೊಂದು ನೀರು ಹೇಗೆ ಹೊರಗೆ ಹರಿಯುತ್ತದೆ ಎಂಬುದು ವಾರ್ಡಿನ ಪ್ರಶ್ನೆ. ವಿಷವೊಂದು ಇರಬೇಕೆಂದು ರಾಬರ್ಟ್ ಕಾಖ್ 1884ರಲ್ಲೇ ಊಹಿಸಿದ್ದರೂ ಯಾರಿಗೂ ಅದನ್ನು ತೋರಿಸಲು ಆಗಿರಲಿಲ್ಲ. ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟರು. ಆ ತುಂಡು ನೀರು ತುಂಬಿ ಉಬ್ಬಿತು. ಇದು 1953ರ ಮಾತು. 1959ರಲ್ಲಿ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವಷ್ಟೇ ಸಾಕು, ಕರುಳು ಹಾಗೇ ಉಬ್ಬುತ್ತದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಲರಾ ಟಾಕ್ಸಿನ್ ಇದೆ ಎಂಬುದು ಹೀಗೆ ಸಿದ್ಧವಾಯಿತು. ದೊಡ್ಡ ಯಂತ್ರವಿಲ್ಲ, ಹಣವಿಲ್ಲ. ರೋಗಿಯ ಹಾಸಿಗೆಯ ಪಕ್ಕ ನಿಂತು ನೋಡಿದ್ದನ್ನು ಪ್ರಯೋಗವಾಗಿ ಮಾಡಲು ಬಂತು, ಅಷ್ಟೆ. ಎಂಬಿಬಿಎಸ್ ಓದಿದವರು ಲ್ಯಾಬಿಗೆ ತೆಗೆದುಕೊಂಡು ಹೋಗುವ ಬಂಡವಾಳ ಇದೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದಕ್ಕೇ ಪಿಎಚ್‌ಡಿ ಮಾಡುವಾಗಲೂ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಉಳಿಸಿಕೊಳ್ಳಿ. ಗೈಡ್ ಒಪ್ಪಿದರೆ ವಾರಕ್ಕೊಂದು ದಿನ ಒಪಿಡಿಗೆ ಹೋಗಿ ಬನ್ನಿ.

ಅಮೆರಿಕದ ಎಂಡಿ-ಪಿಎಚ್‌ಡಿ ವಿಷಯ. ಅಲ್ಲಿ ಎಂಡಿ ಎಂದರೆ ನಮ್ಮ ಎಂಬಿಬಿಎಸ್‌ನಂಥ ಮೊದಲ ಮೆಡಿಕಲ್ ಪದವಿ, ಅದನ್ನೂ ಪಿಎಚ್‌ಡಿಯನ್ನೂ ಒಟ್ಟಿಗೆ ಮಾಡುವ ಕೋರ್ಸ್ ಇದು. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1964ರಿಂದ ಇದಕ್ಕೆ ಹಣ ಕೊಡುತ್ತಿದೆ. ಎರಡು ವರ್ಷ ಮೆಡಿಕಲ್ ಓದು, ನಾಲ್ಕು ವರ್ಷದ ಆಸುಪಾಸು ಲ್ಯಾಬು, ಮತ್ತೆ ಎರಡು ವರ್ಷ ವಾರ್ಡು, ಸಾಮಾನ್ಯವಾಗಿ ಹೀಗೆ ಒಟ್ಟು ಎಂಟು ವರ್ಷ. ಆದರೆ ಅದು ಮೆಡಿಕಲ್ ಸೀಟಿಗೆ ಹೊಸದಾಗಿ ಸೇರುವವರಿಗೆ. ಎನ್‌ಐಎಚ್ ತರಬೇತಿ ಹಣವೂ ಅಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಂಬಿಬಿಎಸ್ ಕೈಯಲ್ಲಿ ಹಿಡಿದು ಹೋಗುವ ನಮಗೆ ಅದು ದಾರಿಯಲ್ಲ. ಬರೀ ಪಿಎಚ್‌ಡಿಗೆ ಹೊರದೇಶದವರನ್ನು ತೆಗೆದುಕೊಳ್ಳುತ್ತಾರೆ, ಸಾಮಾನ್ಯವಾಗಿ ಫೀಸೂ ಇಲ್ಲ, ಸ್ಟೈಪೆಂಡೂ ಇರುತ್ತದೆ. ಪಿಎಚ್‌ಡಿ ಆದಮೇಲೆ ಅಲ್ಲೇ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಪಿಜಿ ತರಬೇತಿ) ಮಾಡುವ ಆಸೆ ಇದ್ದರೆ ಒಂದು ಎಚ್ಚರ: ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಅಲ್ಲಿ ಬೇಕಾಗುವ ಇಸಿಎಫ್‌ಎಂಜಿ ಪ್ರಮಾಣಪತ್ರದ ಪರೀಕ್ಷೆಗಳನ್ನು ಏಳು ವರ್ಷದೊಳಗೆ ಪಾಸು ಮಾಡಬೇಕು. ಅವುಗಳಲ್ಲಿ ಮೊದಲನೆಯದಾದ ಸ್ಟೆಪ್ ಒನ್ ಅನ್ನು ಉತ್ಸಾಹದಲ್ಲಿ ಈಗಲೇ ಬರೆದು ಮಧ್ಯದಲ್ಲಿ ದೀರ್ಘ ಪಿಎಚ್‌ಡಿ ಹೊಕ್ಕರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲೂ ಎಂಡಿ-ಪಿಎಚ್‌ಡಿಯ ಯೋಚನೆ ಬೆಳೆಯುತ್ತಿದೆ. ಐಐಎಸ್‌ಸಿ 2022ರಲ್ಲಿ ಘೋಷಿಸಿದ ಸ್ನಾತಕೋತ್ತರ ಮೆಡಿಕಲ್ ಸ್ಕೂಲ್ ಮತ್ತು ಆಸ್ಪತ್ರೆಯ ಉದ್ದೇಶವೇ ಅದು. ನೀವು ಅರ್ಜಿ ಹಾಕುವ ಹೊತ್ತಿಗೆ ಅಲ್ಲಿ ಏನೇನು ಶುರುವಾಗಿದೆ ನೋಡಿಕೊಳ್ಳಿ.

ಮನೆಯವರಿಗೆ ಹಣದ ವಿಷಯ ಮುಚ್ಚಿಡಬೇಡಿ. 2023ರ ಪರಿಷ್ಕರಣೆಯ ಪ್ರಕಾರ ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ 42,000, ಜೊತೆಗೆ ಮನೆಬಾಡಿಗೆ ಭತ್ಯೆ. ಅದೇ ಹೊತ್ತಿಗೆ ನಿಮ್ಮ ಬ್ಯಾಚಿನವರು ಪಿಜಿ ಮುಗಿಸಿ ಕನ್ಸಲ್ಟೆಂಟ್ ಆಗಿರುತ್ತಾರೆ. ಹೆಣ್ಣುಮಕ್ಕಳಿಗಂತೂ ಮದುವೆಯ ಮಾತು ಬೇರೆ. ಇದೆಲ್ಲ ಗೊತ್ತಿದ್ದೂ ಹೋಗುವುದು ಬೇರೆ, ಆಮೇಲೆ ಗೊತ್ತಾಗುವುದು ಬೇರೆ.

ಇನ್ನು ಲ್ಯಾಬಿನ ದಿನಚರಿ. ರೋಗಿಯ ರಕ್ತ ಬಂದ ಕೂಡಲೇ ಫಿಕಾಲ್ ಎಂಬ ದ್ರವದ ಮೇಲೆ ಬಿಟ್ಟು ಬಿಳಿ ರಕ್ತಕಣ ಬೇರ್ಪಡಿಸಬೇಕು, ಆ್ಯಂಟಿಬಾಡಿಗಳಿಂದ ಸ್ಟೇನ್ ಮಾಡಬೇಕು, ಕೋಶಗಳನ್ನು ಒಂದೊಂದಾಗಿ ಎಣಿಸಿ ಗುರುತಿಸುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಸ್ಲಾಟ್ ಸಿಗುವವರೆಗೆ ಕಾಯಬೇಕು. ಸಂಜೆ ರನ್ ಮುಗಿಸಿದ ಮೇಲೆ ಡೇಟಾ ಬಿಡಿಸುವುದಕ್ಕೆ ಇನ್ನೂ ದಿನಗಳು. ಹೋಲಿಕೆಗೆ ಇಟ್ಟ ಕಂಟ್ರೋಲ್ ಸ್ಯಾಂಪಲ್ ಕೈಕೊಟ್ಟರೆ ಎಲ್ಲ ಮೊದಲಿಂದ. ತಿಂಗಳುಗಟ್ಟಲೆ ಏನೂ ಸಿಗದಿರಬಹುದು. ವಾರವಾರ ಟೆಸ್ಟು, ಅಂಕ, ರ್‍ಯಾಂಕ್ ಎಂದು ಬೆಳೆದ ಮೆಡಿಕಲ್ ಮಕ್ಕಳಿಗೆ ಈ ಮೌನ ತುಂಬ ಕಷ್ಟ ಎಂಬುದನ್ನು ಬಹಳ ಸಲ ನೋಡಿದ್ದೇನೆ.

ಆದ್ದರಿಂದ ನಿರ್ಧಾರಕ್ಕೆ ಮೊದಲು ರುಚಿ ನೋಡಿ. ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎಸ್‌ಟಿಎಸ್ ಎಂಬ ಎರಡು ತಿಂಗಳ ಸಂಶೋಧನಾ ಯೋಜನೆ ಇದೆ. ನಿಮ್ಮ ಕಾಲೇಜಿನ ಒಬ್ಬ ಮೇಷ್ಟ್ರನ್ನು ಗೈಡ್ ಆಗಲು ಕೇಳಿಕೊಂಡು ಪ್ರಪೋಸಲ್ ಬರೆಯಿರಿ. ಪ್ರಶ್ನಾವಳಿ ಹಿಡಿದು ಸರ್ವೇ ಮಾಡುವ ಯೋಜನೆ ಬೇಡ, ಪಿಪೆಟ್ ಹಿಡಿಯುವಂಥದ್ದನ್ನೇ ಆರಿಸಿಕೊಳ್ಳಿ.

ಮುಂದೆ ಪಿಎಚ್‌ಡಿಗೆ ಲ್ಯಾಬ್ ಹುಡುಕುವಾಗ ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಎಂಬುದನ್ನು ನೋಡಿ. ಅವರ ಈಚಿನ ಒಂದೆರಡು ಪೇಪರ್ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಸಂಗತಿಯನ್ನು ಕೇಳಿ ಮೇಲ್ ಬರೆಯಿರಿ. ಲ್ಯಾಬಿನ ಈಗಿನ ವಿದ್ಯಾರ್ಥಿಗಳನ್ನು ಗೈಡ್ ಎದುರಿಗಿಲ್ಲದಾಗ ಮಾತಾಡಿಸಿ: ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಮಧ್ಯದಲ್ಲಿ ಬಿಟ್ಟವರು ಯಾಕೆ ಬಿಟ್ಟರು, ಯಾವ ಆಸ್ಪತ್ರೆಯಿಂದ ಸ್ಯಾಂಪಲ್ ಬರುತ್ತದೆ. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಇಲ್ಲದ ಲ್ಯಾಬಿಗೆ ಮನುಷ್ಯರ ಕಾಯಿಲೆಯ ಬಗ್ಗೆ ಕೆಲಸ ಮಾಡುವ ಆಸೆಯಿಂದ ಹೋಗಬೇಡಿ.