ಹಾಕಿ ಟ್ರಯಲ್ ರಿಪೋರ್ಟ್ ಓದೋದು ಹ್ಯಾಂಗ

ಅಣ್ಣಾರ, 14 ವರ್ಷದ ಮಗನ ರಿಪೋರ್ಟ್‌ನ್ಯಾಗ 'ಸ್ಪೀಡ್ ಚೊಲೊ ಅದ, ಫಸ್ಟ್ ಟಚ್ (ಬಂದ ಬಾಲ್‌ನ ಸ್ಟಿಕ್‌ನಿಂದ ಮೊದ್ಲ ಹಿಡಿಯೋದು) ವೀಕ್, ಮೈಕಟ್ಟು ಸಾಲದು' ಅಂತ ಬರ್ದಾರ, ಆಟ ಬಿಡಿಸ್ಲಾ ಅಂತ ಕೇಳೀರಿ. ಬಿಡಿಸಬ್ಯಾಡ್ರಿ. ಟ್ರಯಲ್ ಯಾವ ನೆಲದ ಮ್ಯಾಲ ಆತು ಮೊದ್ಲು ಅದನ್ನ ನೋಡ್ರಿ, ನಮ್ಮ ರಾಯಚೂರು ಕಡೆ ಹುಡುಗ್ರು ಮಣ್ಣಿನ ಗ್ರೌಂಡ್‌ನ್ಯಾಗ ಪುಟಿಯೋ ಬಾಲ್ ಹಿಡ್ದು ಕಲ್ತಿರ್ತಾರ, ನೀರು ಹೊಡ್ದ ಟರ್ಫ್ (ಕೃತಕ ಹುಲ್ಲಿನ ಗ್ರೌಂಡ್) ಮ್ಯಾಲ ಅದೇ ಬಾಲ್ ಸರ್ರಂತ ಬರ್ತದ, ಒಂದಿನದಾಗ ಕೈ ಹೊಂದಂಗಿಲ್ಲ, ಅದು ತಿದ್ಕೋಬಹುದಾದ ತಪ್ಪು. ಮೈಕಟ್ಟಿಗೂ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ, ಡಿಸೆಂಬರ್‌ದಾಗ ಹುಟ್ಟಿದವ ಅದೇ ವರ್ಷದ ಜನವರಿಯವನ ಮುಂದ ಹತ್ರತ್ರ ಒಂದು ವರ್ಷ ಚಿಕ್ಕವ. ನಾ ಹುಡುಕೋದು ಬ್ಯಾರೆ: ಬಾಲ್ ಬರೋಕಿಂತ ಮೊದ್ಲ ತಲಿ ಎತ್ತಿ ನೋಡ್ತಾನಾ, ಬಾಲ್ ಕಳಕೊಂಡ ಕೂಡ್ಲೆ ವಾಪಸ್ ಓಡ್ತಾನಾ. ಅದನ್ನ ಬರ್ದಿಲ್ಲಂದ್ರ ಕೋಚ್‌ಗೆ ನೇರ ಕೇಳ್ರಿ.