ಸೂಪರ್‌ಮ್ಯಾನ್ ವಾರ್ಷಿಕೋತ್ಸವ ಏಪ್ರಿಲ್ 18ಕ್ಕೋ, ಜೂನ್‌ಗೋ?

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಕಾಮಿಕ್ಸ್ ಪತ್ರಿಕೆಯ ಮೇಲೆ ಜೂನ್ ಎಂದು ಅಚ್ಚಾಗಿರುವಾಗ ಅಭಿಮಾನಿಗಳು ಏಪ್ರಿಲ್ 18ರಂದೇ ಏಕೆ ಆಚರಿಸುತ್ತಾರೆ ಎಂದು ಕೇಳಿದ್ದೀರಿ. ಎರಡೂ ಸರಿಯೇ. ಆ ಪತ್ರಿಕೆ, ಅಂದರೆ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ, ಅಮೆರಿಕದ ಅಂಗಡಿಗಳಿಗೆ ಬಂದದ್ದು 1938ರ ಏಪ್ರಿಲ್ 18ರಂದು. ಪತ್ರಿಕೆ ಹಳತಾಯಿತೆಂದು ಅಂಗಡಿಯವರು ಬೇಗ ತೆಗೆದಿಡಬಾರದೆಂದು ಒಂದೆರಡು ತಿಂಗಳು ಮುಂದಿನ ಹೆಸರು ಹಾಕುವುದು ಆಗಿನ ರೂಢಿ. ನನ್ನನ್ನು ಕೇಳಿದರೆ ಏಪ್ರಿಲ್ 18ನ್ನೇ ಹಿಡಿಯಿರಿ. ಹತ್ತು ಸೆಂಟ್ ಕೊಟ್ಟು ಮಕ್ಕಳು ಅವನನ್ನು ಮೊದಲು ಕಂಡ ದಿನವದು.

ಜೂನ್‌ಗೂ ಅದರದೇ ಸಡಗರವಿದೆ. ಇಲಿನಾಯ್ ರಾಜ್ಯದ ಮೆಟ್ರೊಪೊಲಿಸ್ ಎಂಬ ಪುಟ್ಟ ಊರಿನಲ್ಲಿ ಪ್ರತಿವರ್ಷ ಆ ತಿಂಗಳು ಸೂಪರ್‌ಮ್ಯಾನ್ ಜಾತ್ರೆಯೇ ನಡೆಯುತ್ತದೆ. 1993ರಲ್ಲಿ ನಿಲ್ಲಿಸಿದ ಹದಿನೈದು ಅಡಿಯ ಕಂಚಿನ ಪ್ರತಿಮೆಯ ಬುಡದಲ್ಲಿ ಕೆಂಪು ಮೇಲುವಸ್ತ್ರ ಹೊದ್ದ ಅಜ್ಜಂದಿರೂ ಮೊಮ್ಮಕ್ಕಳೂ ಒಟ್ಟಿಗೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಆದರೆ ಅಮೆರಿಕಕ್ಕೆ ಹೋಗುವ ಅವಕಾಶ ಒಮ್ಮೆ ಮಾತ್ರ ಸಿಗುವುದಾದರೆ ಓಹಾಯೊದ ಕ್ಲೀವ್‌ಲ್ಯಾಂಡ್‌ಗೇ ಹೋಗಿ. ಗ್ಲೆನ್‌ವಿಲ್ ಬಡಾವಣೆಯ ಕಿಂಬರ್ಲಿ ಅವೆನ್ಯೂದಲ್ಲಿ ಸೂಪರ್‌ಮ್ಯಾನ್ ಕಥೆ ಬರೆದ ಜೆರ್ರಿ ಸೀಗಲ್ ಬೆಳೆದ ಮನೆ ಇಂದಿಗೂ ನಿಂತಿದೆ. ಬೇಲಿಯ ಮೇಲೆ ‘ಎಸ್’ ಲಾಂಛನವಿದೆ. ಚಿತ್ರ ಬರೆದ ಜೋ ಶುಸ್ಟರ್ ಮನೆ ಉಳಿದಿಲ್ಲ. ಆ ಜಾಗದ ಬೇಲಿಯುದ್ದಕ್ಕೂ ಮೊದಲ ಕಥೆಯ ಪುಟಗಳನ್ನು ದೊಡ್ಡ ಫಲಕಗಳಲ್ಲಿ ಹಾಕಿದ್ದಾರೆ. ಬೀದಿಯಲ್ಲಿ ನಡೆಯುತ್ತಲೇ ಇಡೀ ಕಥೆ ಓದಬಹುದು. ಕೇವಲ 130 ಡಾಲರಿಗೆ ತಮ್ಮ ನಾಯಕನ ಹಕ್ಕನ್ನು ಬಿಟ್ಟುಕೊಟ್ಟ ಇಬ್ಬರು ಹುಡುಗರಿಗೆ ಇದಕ್ಕಿಂತ ಪ್ರೀತಿಯ ಸ್ಮಾರಕವನ್ನು ನಾನು ಊಹಿಸಲಾರೆ. ಏಪ್ರಿಲ್‌ನಲ್ಲಿ ಅಲ್ಲಿ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಸ್ವೆಟರ್ ಇರಲಿ.